ಒಂದೇ ಸ್ಪೀಕರಲ್ಲಿ ಕೇಳಿದ ಆಲ್ಬಮ್ಮು

ಓದೋ ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬುಡ್ತೀನಿ, ನಾನು ಒಂದೇ ಬೆರಳಲ್ಲಿ ಮೊಬೈಲ್ ಒತ್ತೋನು. ಒತ್ತಕ್ಷರ ಹುಡುಕೋದ್ರಲ್ಲೇ ಅರ್ಧ ಹೊತ್ತು ಹೋಗ್ತದೆ. ಕಾಗುಣಿತ ತಪ್ಪಿದ್ರೆ ದಯವಿಟ್ಟು ಮನ್ನಿಸಿ. ನಗು ಬಂದ್ರೆ ನಗಿ, ಅದಕ್ಕೆ ನನಗೇನೂ ಬೇಜಾರಿಲ್ಲ. ಆದ್ರೆ ಬರೆದಿದ್ದನ್ನ ತೆಗೀ ಅಂತ ಮಾತ್ರ ಹೇಳಬೇಡಿ. ಅದನ್ನ ಈಗಾಗಲೇ ಒಬ್ರು ಹೇಳವ್ರೆ. ಅವರಿಗೆ ನಾನು ಏನು ಮಾಡ್ದೆ ಅನ್ನೋದನ್ನೇ ಇಲ್ಲಿ ಬರೀತಿದ್ದೀನಿ.

ನಾನಿರೋದು ಪಾಂಡವಪುರದಲ್ಲಿ. ಹುಟ್ಟಿದ್ದು ಕೆ.ಆರ್. ಪೇಟೆ ಕಡೆ ಹಳ್ಳಿ. ಕೆಲಸ ಆಲೆಮನೇಲಿ, ಪಾಕ ನೋಡೋದು. ಅಂದ್ರೆ ಕಬ್ಬಿನ ಹಾಲು ಕೊಪ್ಪರಿಗೇಲಿ ಕುದ್ದು ಕುದ್ದು ಗಟ್ಟಿಯಾಗ್ತಾ ಬಂದಾಗ, ಈಗ ಇಳಿಸ್ರಪ್ಪಾ ಅಂತ ಕೂಗೋನು ನಾನು. ಸೌಟಲ್ಲಿ ಒಂಚೂರು ತೆಗೆದು ತಣ್ಣೀರಿಗೆ ಬುಡ್ತೀನಿ. ಉಂಡೆ ಕಟ್ತದೆ. ಆ ಉಂಡೇನ ತೆಗೆದು ಕೊಪ್ಪರಿಗೆ ಅಂಚಿಗೆ ಬಡಿದ್ರೆ ಟಣ್ ಅನ್ನಬೇಕು. ಟಪ್ ಅಂದ್ರೆ ಇನ್ನೂ ಹೊತ್ತು ಬೇಕು. ಟಣ್ ಅಂದಮ್ಯಾಲೂ ಬುಟ್ಟುಕೊಂಡು ನಿಂತ್ರೆ ಪಾಕ ಮೀರಿ ಬೆಲ್ಲ ಕಪ್ಪಗಾಯ್ತದೆ. ಇಪ್ಪತ್ತು ವರ್ಷದಿಂದ ಈ ಸದ್ದು ಕೇಳ್ಕಂಡು ಬಂದೀನಿ. ಇದನ್ನ ಜಂಬಕ್ಕೆ ಹೇಳ್ತಿಲ್ಲ. ನನ್ನ ಕಿವಿ ಮ್ಯಾಲೆ ನನಗೆ ನಂಬಿಕೆ ಯಾಕೈತೆ ಅಂತ ನಿಮಗೆ ಗೊತ್ತಾಗ್ಲಿ ಅಂತ.

ನಮ್ಮ ಆಲೆಮನೆಗೆ ಕಬ್ಬು ಹೊಡೆಯೋ ಟ್ರಾಕ್ಟರಿನ ಡ್ರೈವರು ಶ್ರೀರಂಗಪಟ್ಟಣದ ಪಕ್ಕ ಬಾಬುರಾಯನಕೊಪ್ಪಲಿನೋನು. ಅವನ ಟ್ರಾಕ್ಟರು ಕಣ್ಣಿಗೆ ಕಾಣೋಕೆ ಮುಂಚೆ ಎದೆಗೆ ಗೊತ್ತಾಯ್ತದೆ, ಅದರ ಹಾಡಿನ ಸೆಟ್ಟು ಅಷ್ಟು ಗುಮ್ ಅಂತದೆ. ಹೋದ ವರ್ಷ ಹೊಸ ಸೆಟ್ಟು ಹಾಕಿಸ್ಕಂಡ. ಹಳೇದರಲ್ಲಿ ಎರಡು ಸ್ಪೀಕರು ಇದ್ವು, ಒಂದು ಹರಿದೋಗಿತ್ತು. ಚೆನ್ನಾಗಿದ್ದ ಒಂದನ್ನ ಹಳೇ ಪ್ಲೇಯರ್ ಸಮೇತ ತಂದು ಆಲೆಮನೆ ಕಂಬಕ್ಕೆ ಕಟ್ಟಿಬುಟ್ಟ. ಒಂದು ಪೆನ್‌ಡ್ರೈವೂ ಚುಚ್ಚಿದ.

"ನಿಮ್ ಗಾಣದ್ ಸದ್ದು ಕೇಳ್ತಿದ್ರೆ ನನಗೇ ತೂಕಡಿಕೆ ಬರ್ತದೆ ಕಣ್ಲಾ. ಇದ್ನ ಕೇಳು, ಎದ್ ಕುಂತ್ಕತೀಯ" ಅಂದ.

ಅದರಲ್ಲಿ ಮೂರು ಆಲ್ಬಮ್ಮು ಇದ್ವು. ಎಲ್ಲಾ ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್ಕು, ಯಾವುದೋ ದೇಶದೋರು ಮಾಡಿದ್ದು. ಅವರ ಹೆಸರು ನನ್ನ ಬಾಯಲ್ಲಿ ತಿರುಗಲ್ಲ, ಟೈಪ್ ಮಾಡೋಕಂತೂ ಆಗಲ್ಲ, ಅದಕ್ಕೆ ಬುಡ್ತೀನಿ. ಎರಡು ಆಲ್ಬಮ್ಮು ನಮಗೆ ಹಿಡಿಸಲಿಲ್ಲ. ಒಂದಂತೂ ಊಟಕ್ಕೆ ಬನ್ನಿ ಬನ್ನಿ ಅಂತ ಕರೀತಾನೇ ಇರ್ತದೆ, ಎಲೇನೇ ಹಾಕಲ್ಲ. ಇನ್ನೊಂದನ್ನ ಕೊಪ್ಪರಿಗೆ ತೊಳಿಯೋವಾಗ ಹಾಕ್ಕಂಡ್ರೆ ಆಯ್ತು. ಮೂರನೇದು ಮಾತ್ರ ಬೇರೆ. ಅದರಲ್ಲಿ ಒಂಬತ್ತು ಹಾಡು. ಮಾತೇ ಇಲ್ಲ. ಒಂದು ಮುಗಿದು ಇನ್ನೊಂದು ಶುರುವಾಗೋದು ಗೊತ್ತೇ ಆಗಲ್ಲ, ಒಂದರೊಳಕ್ಕೆ ಒಂದು ಹರ್ಕಂಡು ಹೋಗ್ತದೆ. ಒಂದು ಕೊಪ್ಪರಿಗೆ ಇಳಿಯೋ ಅಷ್ಟರಲ್ಲಿ ಅದು ಎರಡು ಸಲ ಪೂರ್ತಿ ಆಗಿ ಮೂರನೇ ಸಲಕ್ಕೆ ಬಂದಿರೋದು.

ಆಲೆಮನೇಲಿ ನನ್ನ ಜೊತೆ ಮುಖ್ಯವಾಗಿ ಇಬ್ರು. ಗಾಣಕ್ಕೆ ಕಬ್ಬು ಕೊಡೋ ಅಕ್ಕ, ನಾಗಮಂಗಲ ತಾಲ್ಲೂಕು ಹೊಣಕೆರೆ ಕಡೆಯಿಂದ ಈ ಕಡೆಗೆ ಮದುವೆಯಾಗಿ ಬಂದೋರು. ಇನ್ನೊಬ್ರು ಒಲೆಗೆ ಕಬ್ಬಿನ ಸಿಪ್ಪೆ ತಳ್ಳೋ ಮಾವ. ನನಗೆ ಸ್ವಂತ ಮಾವ ಅಲ್ಲ, ಎಲ್ಲರೂ ಅಂಗೇ ಕರೀತೀವಿ. ಅವರಿಗೆ ಎಡಗಿವಿ ಚಿಕ್ಕಂದಿನಲ್ಲೇ ಹೋಗೈತೆ. ಅವರ ಬಲಗಡೆ ನಿಂತು ಮಾತಾಡೋದು ನಮಗೆಲ್ಲ ರೂಢಿ. ಹೊಸಬರು ಯಾರಾದ್ರೂ ಎಡಗಡೆ ನಿಂತು ಕೂಗಿದ್ರೆ, ನಾವೇ ತೋಳು ಹಿಡಿದು ಈ ಕಡೆಗೆ ಎಳ್ಕತೀವಿ.

ಮೊದಲ ದಿನ ಆ ಆಲ್ಬಮ್ಮು ಹಾಕಿದಾಗ ಮಾಲೀಕರು ಬಂದು ನಿಂತು ಕೇಳಿ, "ಇದು ಹಾಡಲ್ಲ ಕಣಯ್ಯ, ಸದ್ದು" ಅಂದ್ರು. ಹೋಗೋವಾಗ ನಿಲ್ಲಿಸು ಅಂತ ಮಾತ್ರ ಅನ್ನಲಿಲ್ಲ.

ಅಕ್ಕ ಗಾಣಕ್ಕೆ ಕಬ್ಬು ಕೊಡ್ತಾನೇ ಮೊದಲ ಹಾಡು ಕೇಳಿದ್ರು. ಅದು ಬರೀ ಬುರ್ ಬುರ್ ಅಂತ ಬಾಳ ಹೊತ್ತು ಹೋಗ್ತದೆ.

"ಇದು ನಮ್ಮೂರ್ ಬೋರ್ ಮೋಟ್ರು ಗಾಳಿ ಎಳ್ಯೋ ಸದ್ದು ಕಣಪ್ಪ" ಅಂದ್ರು. "ತಾಳು, ನೀರು ಬರಾಕ್ ಮುಂಚೆ ಇಂಗೇ ಆಗೋದು."

ಅಷ್ಟರಲ್ಲಿ ಒಳಗಿಂದ ಒಂದು ರಾಗ ಎದ್ದು ಬಂತು, ತೆಳ್ಳಗೆ, ಸಲೀಸಾಗಿ.

"ನೋಡ್ದಾ? ಬಂತು ನೀರು!"

ಅವತ್ತಿಂದ ಅದು ಒಂದು ಆಟ ಆಗೋಯ್ತು. ಒಂಬತ್ತು ಹಾಡಿಗೂ ನಾವು ಏನೇನೋ ಹೇಳೋದು, ಜಗಳ ಆಡೋದು. ಏಳನೇ ಹಾಡು ಉಕ್ಕಿ ಉಕ್ಕಿ ಬಂದು ಇನ್ನೇನು ಆಚೆ ಚೆಲ್ತದೆ ಅನ್ನೋವಾಗ ತಟ್ಟನೆ ಕೂತ್ಕತದೆ. ಕೊಪ್ಪರಿಗೇಲಿ ನೊರೆ ಉಕ್ಕಿದಾಗ ನಾವು ನಾಲ್ಕು ಹನಿ ಹರಳೆಣ್ಣೆ ಬುಡ್ತೀವಲ್ಲ, ಸರ್ ಅಂತ ಇಳಿದುಬುಡ್ತದಲ್ಲ, ಅಂಗೆ. ಅದನ್ನ ಡ್ರಾಪ್ ಅಂತಾರೆ ಅಂತ ಡ್ರೈವರು ಹೇಳಿದ. ನಾನು, ಅದಕ್ಕಿಂತ ಎಣ್ಣೆ ಬುಡೋದು ಅನ್ನೋದೇ ಸರಿಯಾಗೈತೆ ಅಂದೆ. ಮೂರನೇ ಹಾಡು ಮಾತ್ರ ಯಾರಿಗೂ ಸೇರಲಿಲ್ಲ. ಒಳ್ಳೆ ಜಾಗದಲ್ಲಿ ಮುಗೀಬೇಕಾಗಿತ್ತು, ಮುಗಿಯಲ್ಲ. ಪಾಕ ಮೀರೈತೆ ಅಂದೆ ನಾನು. ಐದನೇದರಲ್ಲಿ ಮಧ್ಯೆ ಮಧ್ಯೆ ಖಾಲಿ ಖಾಲಿ. ಎರಡು ಬಡಿತ, ಆಮ್ಯಾಲೆ ಸುಮ್ಮನೆ. ಮತ್ತೆ ಎರಡು ಬಡಿತ, ಮತ್ತೆ ಸುಮ್ಮನೆ. "ಕೂಲಿ ತಕ್ಕಂಡು ಕೆಲಸ ಕದ್ದವ್ನೆ" ಅಂತ ಅಕ್ಕ ಬೈದ್ರು. ಮಾವ ಮಾತ್ರ ಒಪ್ಪಲಿಲ್ಲ.

"ಸುಮ್ಕಿರೋ ಜಾಗ ಚೆನ್ನಾಗೈತೆ ಕಣ್ರಲಾ. ಆಗ ನಾನು ಒಲೆ ನೋಡ್ಕತೀನಿ."

ಡ್ರೈವರು ನನ್ನನ್ನ ಮೊಬೈಲಲ್ಲಿ ಒಂದು ಗುಂಪಿಗೆ ಸೇರಿಸಿದ್ದ. ಮೈಸೂರು, ಬೆಂಗಳೂರು ಕಡೆ ಇಂಥ ಆಲ್ಬಮ್ಮು ಕೇಳೋರದ್ದು. ಹೊಸದು ಬಂದ್ರೆ ಅಲ್ಲೇ ಹಾಕೋರು, ಹೆಂಗೈತೆ ಅಂತ ಬರೆಯೋರು. ನಾನು ತಿಂಗಳುಗಟ್ಟಲೆ ಓದ್ಕಂಡೇ ಇದ್ದೆ. ಒಂದು ದಿನ ಯಾರೋ ನಮ್ಮ ಆಲ್ಬಮ್ಮಿನ ಬಗ್ಗೆ ಕೇಳಿದ್ರು, ಎಲ್ಲರೂ ಅಭಿಪ್ರಾಯ ಹೇಳಿ ಅಂತ. ಎಲ್ಲರೂ ಅಂತ ಇತ್ತಲ್ಲ. ನಾನೂ ಬರೆದೆ.

ಮೂರು ಮಧ್ಯಾಹ್ನ ಬರೆದೆ. ಕೊಪ್ಪರಿಗೆ ಮೊದಲ ಕುದಿಗೆ ಬರೋತನಕ ನನಗೆ ಅಂಥಾ ಕೆಲಸ ಇರಲ್ಲ, ಆ ಹೊತ್ತಲ್ಲಿ. ಬೋರ್ ಮೋಟ್ರು, ಹರಳೆಣ್ಣೆ, ಪಾಕ ಮೀರಿದ್ದು, ಕೆಲಸ ಕದ್ದಿದ್ದು, ಮಾವಂಗೆ ಸುಮ್ಕಿರೋ ಜಾಗ ಇಷ್ಟ ಆಗಿದ್ದು, ಮಾಲೀಕರು ಹಾಡಲ್ಲ ಸದ್ದು ಅಂದಿದ್ದು, ಒಂದೂ ಬುಡದೆ ಬರೆದೆ. ಅಕ್ಕಂಗೆ, ಮಾವಂಗೆ ಓದಿ ಹೇಳಿ ಆಮ್ಯಾಲೆ ಹಾಕಿದೆ. ನಿಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನಾನು ಅಲ್ಲಿಗಂಟ ಬರೆದಿದ್ದು ಅಂದ್ರೆ ಅರ್ಜಿ, ಇಲ್ಲಾ ಪರೀಕ್ಷೆ. ನನ್ನ ತಲೇಲಿದ್ದದ್ದನ್ನ ನಾನೇ ಬರೆದು ಹತ್ತು ಜನರ ಮುಂದೆ ಇಟ್ಟಿದ್ದು ಅದೇ ಮೊದಲು.

ಸಂಜೆ ಹೊತ್ತಿಗೆ ನಗೋ ಮುಖದ ಚಿತ್ರಗಳು ಸಾಲಾಗಿ ಬಂದ್ವು. ಒಬ್ರು, "ಬೆಲ್ಲದ ಅಂಗಡಿಯವರಿಗೆ ಇಲ್ಲೇನು ಕೆಲಸ" ಅಂತ ಬರೆದ್ರು. ಇನ್ನೊಬ್ರು, ಮೂರನೇ ಹಾಡೇ ಈ ಆಲ್ಬಮ್ಮಿನ ಪ್ರಾಣ, ಅದನ್ನ ತಿಳಿಯದೋರು ಬಾಯಿ ಮುಚ್ಕಂಡಿರಬೇಕು ಅಂದ್ರು. ಆಮ್ಯಾಲೆ ಗುಂಪು ನೋಡ್ಕೊಳ್ಳೋರೇ ಫೋನ್ ಮಾಡಿದ್ರು. ಮರ್ಯಾದೆಯಾಗೇ ಮಾತಾಡಿದ್ರು, ಅದನ್ನ ಹೇಳಬೇಕು.

"ಅಣ್ಣ, ತಪ್ಪು ತಿಳ್ಕೋಬೇಡಿ. ಇಲ್ಲಿ ಸೀರಿಯಸ್ಸಾಗಿ ಕೇಳೋರು ಇದಾರೆ. ನೀವು ಬರೆದಿರೋದು ತಮಾಷೆ ಥರ ಆಗಿದೆ."

"ತಮಾಷೆ ಮಾಡಿಲ್ಲ ಸಾರ್. ನಿಜವಾಗ್ಲೂ ನಮಗೆ ಅಂಗೇ ಅನ್ನಿಸ್ತು."

"ಐದನೇ ಟ್ರ್ಯಾಕಲ್ಲಿ ಗ್ಯಾಪ್ ಇದೆ ಅಂತ ಬರೆದಿದೀರಲ್ಲ, ಎಲ್ಲಿದೆ ಗ್ಯಾಪು? ಯಾವುದರಲ್ಲಿ ಕೇಳ್ತೀರ ನೀವು?"

ಟ್ರಾಕ್ಟರಿನ ಒಂದು ಸ್ಪೀಕರು ಅಂದೆ.

ಅವರು ನಕ್ಕುಬುಟ್ರು. "ಒಂದೇ ಸ್ಪೀಕರಾ? ಅಣ್ಣ, ಆ ಮ್ಯೂಸಿಕ್ಕು ಎಡಕ್ಕೆ ಅರ್ಧ ಬಲಕ್ಕೆ ಅರ್ಧ ಇರತ್ತೆ. ನಿಮಗೆ ಎಡಗಡೇದು ಮಾತ್ರ ಕೇಳಿಸಿದೆ. ಅರ್ಧ ಕೇಳಿ ಪೂರ್ತಿ ತೀರ್ಪು ಕೊಟ್ಟಿದೀರ! ನಾಳೆ ಸಂಜೆಯೊಳಗೆ ಅದನ್ನ ತೆಗೆದುಬಿಡಿ. ಇಲ್ಲಾಂದ್ರೆ ನಾವೇ ತೆಗೀಬೇಕಾಗತ್ತೆ. ನಿಮ್ಮನ್ನೂ."

ನಕ್ಕಿದ್ದಕ್ಕೆ ನನಗೆ ನೋವಾಗಲಿಲ್ಲ. ಅರ್ಧ ಅಂದಿದ್ದಕ್ಕೆ ಆಯ್ತು. ಯಾಕಂದ್ರೆ ಅದು ನಿಜ ಇರಬಹುದು ಅನ್ನಿಸಿಬುಡ್ತು. ಒಂದು ಗುಂಡಿ ಒತ್ತಿದ್ರೆ ಮೂರು ಮಧ್ಯಾಹ್ನ ಬರೆದಿದ್ದು ಹೋಗ್ತಿತ್ತು. ಬೆರಳು ಅಲ್ಲಿಗಂಟ ಹೋಗಿತ್ತು. ಒತ್ತಲಿಲ್ಲ.

ಒತ್ತದೇ ಇರೋಕೆ ಒಂದು ಹಳೇ ಕಾರಣ ಐತೆ. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬುಟ್ಟೋನು. ಆಮ್ಯಾಲೆ ಮೂವತ್ತಾರನೇ ವಯಸ್ಸಿಗೆ ಹೊರಗಿಂದ ಎಸ್ಸೆಸ್ಸೆಲ್ಸಿ ಕಟ್ಟಿದೆ. ಕೆ.ಆರ್. ಪೇಟೇಲಿ ಪರೀಕ್ಷೆ. ಬಿಳಿ ಶರಟು ಹಾಕ್ಕಂಡು ಹೋಗಿ ನನ್ನ ನಂಬರಿದ್ದ ಬೆಂಚಲ್ಲಿ ಕೂತೆ. ಮಂಡಿ ಒಳಕ್ಕೆ ಹೋಗ್ತಿರಲಿಲ್ಲ, ಅಷ್ಟು ಸಣ್ಣ ಬೆಂಚು. ರೂಮಿಗೆ ಬಂದ ಮೇಷ್ಟ್ರು ನನ್ನ ನೋಡಿ, "ಮಕ್ಕಳನ್ನ ಕೂರಿಸಿದ್ದಾಯ್ತಲ್ಲ, ಪೋಷಕರು ಆಚೆ ಹೋಗಿ" ಅಂದ್ರು. ಇಡೀ ರೂಮು ತಿರುಗಿ ನೋಡ್ತು. ನಾನು ಹಾಲ್ ಟಿಕೆಟ್ ಎತ್ತಿ ತೋರಿಸ್ದೆ. ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡಿದ್ರು, ಫೋಟೋ ನೋಡಿದ್ರು, ನನ್ನ ಮುಖ ನೋಡಿದ್ರು. ನಾನು ಎದ್ದೇಳಲಿಲ್ಲ. ಎದ್ರೆ ಮತ್ತೆ ಕೂರಲ್ಲ ಅಂತ ನನಗೆ ಗೊತ್ತಿತ್ತು. ಗಣಿತ ಎರಡು ಸಲ ಹೋಯ್ತು, ಮೂರನೇ ಸಲಕ್ಕೆ ಪಾಸಾದೆ. ಪ್ರತಿ ಸಲಾನೂ ಅದೇ ಬಿಳಿ ಶರಟಲ್ಲೇ ಹೋದೆ.

ತೆಗೀರಿ ಅಂತ ಅವರು ಅಂದಾಗ ನನಗೆ ಆ ಬೆಂಚು ನೆನಪಾಯ್ತು. ಆದ್ರೂ ಅರ್ಧ ಅನ್ನೋ ಮಾತಿಗೆ ಉತ್ತರ ಬೇಕಲ್ಲ. ನಾನು ತಪ್ಪು ಬರೆದಿದ್ರೆ ತಪ್ಪೇ.

ಮಾರನೇ ದಿನ ಬೆಳಿಗ್ಗೆ ಕಬ್ಬು ಇಳಿಸೋಕೆ ಡ್ರೈವರು ಬಂದಾಗ ಅವನ ಇಯರ್‌ಫೋನು ಕೇಳ್ದೆ.

"ತಕಾ, ಆದ್ರೆ ಬೆಲ್ಲದ್ ಕೈಲಿ ಮುಟ್ಬೇಡ ಮಗ. ಇರುವೆ ಕಿವಿಯೊಳಕ್ ಹೋದಾತು" ಅಂದ.

ಕೈ ತೊಳ್ಕಂಡು, ಎರಡೂ ಕಿವಿಗೆ ಸಿಕ್ಕಿಸ್ಕಂಡು, ಕಬ್ಬಿನ ರಾಶಿ ಮ್ಯಾಲೆ ಕೂತು ಮೊದಲಿಂದ ಕೇಳ್ದೆ. ಐದನೇ ಹಾಡು ಬಂತು. ಎಡಗಡೆ ಎರಡು ಬಡಿತ. ನಾನು ಖಾಲಿ ಅಂದಿದ್ದೆನಲ್ಲ, ಆ ಜಾಗದಲ್ಲಿ ಬಲಗಡೆಯಿಂದ ಎರಡು ಬಡಿತ, ಸ್ವಲ್ಪ ಮೆತ್ತಗೆ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಇಷ್ಟು ದಿನ ಒಬ್ಬನ ಮಾತು ಮಾತ್ರ ಕೇಳಿ, ಇವನು ಯಾಕೆ ನಡುವೆ ನಿಲ್ಲಿಸ್ತಾನೆ ಅಂತ ಬೈದಿದ್ದೆ.

ಅಕ್ಕಂಗೆ ಕೊಟ್ಟೆ. ಸೆರಗು ಹಿಂದಕ್ಕೆ ತಳ್ಕಂಡು ಕೇಳಿದ್ರು. ಕಣ್ಣು ಅಗಲ ಆದ್ವು.

"ಅಯ್ಯೋ! ಇಬ್ರವ್ರೆ ಕಣಪ್ಪ! ಆ ಕಡೆಯಿಂದ ಉತ್ತರ ಕೊಡೋರು ಒಬ್ರು ಅವ್ರೆ. ಸುಮ್ನೆ ಬೈದ್ಬುಟ್ನಲ್ಲೋ, ಕೆಲ್ಸಗಳ್ಳ ಅಂತ."

"ಮೂರನೇದು ಕೇಳಕ್ಕ" ಅಂದೆ.

ಅದನ್ನೂ ಪೂರ್ತಿ ಕೇಳಿದ್ರು. ಇಯರ್‌ಫೋನು ಕಿತ್ತು ನನ್ನ ಕೈಗೆ ಹಾಕಿದ್ರು. "ಇದು ಮಾತ್ರ ಎರಡು ಕಿವೀಲೂ ಉದ್ದಾನೇ."

ನನಗೂ ಅಂಗೇ ಅನ್ನಿಸಿತ್ತು. ನಾನಾಗಿ ಮೊದಲೇ ಹೇಳಿರಲಿಲ್ಲ, ಅಷ್ಟೇ.

ಆಮ್ಯಾಲೆ ಮಾವ. ಬಲಗಡೆ ಹೋಗಿ ನಿಂತು ವಿಷಯ ಹೇಳಿ, ಐದನೇ ಹಾಡು ಹಚ್ಚಿ, ಅವರ ಕೇಳಿಸೋ ಕಿವಿಗೆ ಬಲಗಡೇದನ್ನ ಸಿಕ್ಕಿಸಿದೆ. ಹುಬ್ಬು ಗಂಟಾಕ್ಕಂಡು ಕೇಳಿದ್ರು.

"ಇದ್ಯಾವ್ದುಲಾ ಹೊಸ ಹಾಡು?"

"ಅದೇ ಮಾವ, ಐದನೇದು."

"ನನಗೇ ಹೇಳ್ತೀಯಾ? ದಿನಾ ಕೇಳ್ತೀನಿ, ಗೊತ್ತಾಗಕಿಲ್ವ? ಇದು ಬೇರೆ."

ಎಡಗಡೇದನ್ನ ತೆಗೆದು ಅದೇ ಕಿವಿಗೆ ಸಿಕ್ಕಿಸ್ದೆ. "ಆ, ಇದೇ ನಮ್ದು" ಅಂದ್ರು. ಎರಡೂ ಸೇರಿದ್ರೇನೇ ಒಂದು ಹಾಡು, ನಾವು ಕೇಳ್ತಿದ್ದದ್ದು ಅರ್ಧ, ಅಂಗಂತ ಗುಂಪಿನೋರು ಬರೆದಿದ್ದನ್ನ ತೆಗೀ ಅಂತಾವ್ರೆ ಅಂದೆ.

ಮಾವ ಒಂದು ಹೊರೆ ಸಿಪ್ಪೆ ಒಲೆಗೆ ತಳ್ಳಿ, ಕೋಲು ಪಕ್ಕಕ್ಕಿಟ್ಟು, ನನ್ನ ಕಡೆ ತಿರುಗಿದ್ರು.

"ಲೇ ಅಳಿಮಯ್ಯ, ನನಗೆ ಇರಾದೇ ಒಂದ್ ಕಿವಿ. ಅದ್ರಲ್ ಏನ್ ಕೇಳ್ತದೋ ಅದು ನನಗೆ ಪೂರ್ತಿ. ನನ್ ಮದ್ವೆ ಓಲಗ ಇದೇ ಕಿವೀಲಿ ಕೇಳಿವ್ನಿ. ನನ್ ಮಗಳು ಮೊದಲ್ನೇ ಸಲ ಅಪ್ಪ ಅಂದಿದ್ದು ಇದೇ ಕಿವೀಲಿ ಕೇಳಿವ್ನಿ. ಅದೂ ಅರ್ಧನಾ? ಕೇಳ್ಲಾ ಅವ್ನ. ಸುಮ್ಕಿರೋ ಜಾಗ ಚೆನ್ನಾಗೈತೆ ಅಂದೆ, ಈಗ್ಲೂ ಅಂತೀನಿ. ನನ್ದು ತೆಗೀಬೇಡ."

"ನಂದು ತೆಗೀಲಾ?" ಅಂದೆ.

"ನಿಂಗೆ ಎರಡು ಕಿವಿ ಅವೆ, ಎರಡ್ರಲ್ಲೂ ಕೇಳ್ದೆ. ತಪ್ಪಿದ್ ಕಡೆ ತಪ್ಪಾಯ್ತು ಅನ್ನು. ತಪ್ಪಿಲ್ದ ಕಡೆ ನಿಂತ್ಕ."

ಅವತ್ತು ಮಧ್ಯಾಹ್ನ ನಾನು ಮತ್ತೆ ಮೊಬೈಲ್ ಹಿಡಿದೆ. ಹಳೇದನ್ನ ಒಂದಕ್ಷರ ಮುಟ್ಟಲಿಲ್ಲ. ಅದರ ಕೆಳಗೆ ಇಷ್ಟು ಬರೆದೆ: ನಾನು ಒಂದೇ ಸ್ಪೀಕರಲ್ಲಿ ಕೇಳಿದ್ದು ನಿಜ. ಐದನೇ ಹಾಡಿನ ಬಗ್ಗೆ ನಾನೂ ಅಕ್ಕನೂ ಹೇಳಿದ್ದು ತಪ್ಪು, ಅದರಲ್ಲಿ ಇಬ್ರು ಮಾತಾಡ್ತಾರೆ, ಅದನ್ನ ಮಾಡಿದೋರ ಕ್ಷಮೆ ಕೇಳ್ತೀನಿ. ಮೂರನೇ ಹಾಡು ಎರಡೂ ಕಿವೀಲಿ ಕೇಳಿದೆ, ಈಗಲೂ ಪಾಕ ಮೀರೈತೆ. ಮಾವ ಹೇಳಿದ್ದು ಅಂಗೇ ಇರ್ತದೆ, ಅವರಿಗೆ ಒಂದೇ ಕಿವಿ, ಅವರ ಹಾಡು ಅದು. ನಾನು ಇದನ್ನ ತೆಗೆಯಲ್ಲ. ತೆಗೆಯೋದು ನಿಮ್ಮಿಷ್ಟ, ಆದ್ರೆ ನೀವು ತೆಗೆದ್ರಿ ಅಂತಾಗಲಿ, ನಾನು ತೆಗೆದೆ ಅಂತ ಆಗೋದು ಬೇಡ.

ಇಷ್ಟು ಟೈಪ್ ಮಾಡೋಕೆ ಒಂದು ಕೊಪ್ಪರಿಗೆ ಮುಗೀತು.

ಸಂಜೆ ಎರಡನೇ ಕೊಪ್ಪರಿಗೆ ಹದಕ್ಕೆ ಬರ್ತಿತ್ತು. ಜೇಬಲ್ಲಿ ಮೊಬೈಲು ಗುರ್ ಅಂತು. ನೋಡಲಿಲ್ಲ. ಪಾಕ ಬಂದಾಗ ಆ ಕಡೆ ಈ ಕಡೆ ನೋಡೋಕಿಲ್ಲ. ಸೌಟಲ್ಲಿ ತೆಗೆದು ನೀರಿಗೆ ಬುಟ್ಟು, ಉಂಡೆ ಕಟ್ಟಿ, ಅಂಚಿಗೆ ಬಡಿದೆ. ಟಣ್ ಅಂತು. "ಇಳಿಸ್ರಪ್ಪಾ" ಅಂದೆ. ಎಲ್ಲರೂ ಸೇರಿ ಕೊಪ್ಪರಿಗೆ ಬಗ್ಗಿಸಿ ತೊಟ್ಟಿಗೆ ಸುರಿದ್ವಿ. ಬಂಗಾರದ ಬಣ್ಣ. ಆಮ್ಯಾಲೆ ಕೈ ತೊಳ್ಕಂಡು ಮೊಬೈಲ್ ನೋಡ್ದೆ. ಗುಂಪಲ್ಲಿ ನಾನಿಲ್ಲ. ನಾನು ಬರೆದಿದ್ದೂ ಇಲ್ಲ, ಅಳಿಸಲಾಗಿದೆ ಅಂತ ಒಂದು ಸಾಲು ಅಷ್ಟೇ.

"ತೆಗೆದ್ಬುಟ್ರಾ?" ಅಂದ್ರು ಅಕ್ಕ.

"ತೆಗೆದ್ರು."

"ನೀನ್ ತೆಗೀನಿಲ್ಲ ತಾನೇ?"

"ಇಲ್ಲ."

"ಮತ್ಯಾಕ್ ಅಂಗ್ ಮಖ ಮಾಡ್ಕಂಡಿದ್ದೀಯ? ಬಾ, ಅಚ್ಚಿಗ್ ಹಾಕು, ಬೆಲ್ಲ ಗಟ್ಟಿಯಾಯ್ತದೆ."

ಬೇಜಾರು ಆಗಲಿಲ್ಲ ಅಂತ ಸುಳ್ಳು ಹೇಳಲ್ಲ. ಹೊಸ ಆಲ್ಬಮ್ಮು ಸಿಗ್ತಿದ್ದ ಜಾಗ ಅದು. ಡ್ರೈವರು ಅಂತೂ ಕೆಂಡ ಆಗೋದ, ನಾನೂ ಆಚೆ ಬರ್ತೀನಿ ಅಂದ. ಬ್ಯಾಡ ಕಣ್ಲಾ, ನೀನು ಇರು, ಹೊಸದು ಬಂದ್ರೆ ತಂದ್ಕೊಡು ಅಂದೆ. ಅವನು ವಾರ ಕಳೆಯೋದರೊಳಗೆ ಎಲ್ಲಿಂದಲೋ ಇನ್ನೊಂದು ಸ್ಪೀಕರು ಹೊಂದಿಸ್ಕಂಡು ಬಂದ. ಯಾವ ಕಂಬಕ್ಕೆ ಕಟ್ಟೋದು ಅಂತ ಮಾತಾಡ್ತಿದ್ವಿ. ಒಲೆ ಹತ್ರದಿಂದಲೇ ಮಾವ ಕೂಗಿದ್ರು: "ಅದ್ನ ನನ್ ಎಡಗಡೆ ಕಟ್ರಲಾ! ನನ್ ಹಾಡು ಕೆಡಿಸ್ಬೇಡಿ!"

ಅಂಗೇ ಕಟ್ಟಿದ್ದೀವಿ. ಕೊಪ್ಪರಿಗೆ ಹತ್ರ ನಿಂತ್ರೆ ನನಗೆ ಇಬ್ರು ಮಾತಾಡೋದು ಕೇಳ್ತದೆ. ಒಲೆ ಹತ್ರ ಮಾವ ತಮ್ಮ ಸುಮ್ಕಿರೋ ಜಾಗ ಬಂದಾಗ ಕೋಲು ಹಿಡಿದು ಬಗ್ಗತಾರೆ. ಆಟ ಈಗಲೂ ನಡೀತೈತೆ, ಮೊನ್ನೆ ಬಂದ ಹೊಸ ಆಲ್ಬಮ್ಮಿಗೆ ಅಕ್ಕ ಇನ್ನೂ ಏನೂ ಹೇಳಿಲ್ಲ, ನಾಲ್ಕು ಸಲ ಕೇಳಿ ಹೇಳ್ತೀನಿ ಅಂದವ್ರೆ.

ಅಲ್ಲಿ ಅಳಿಸಿದ್ದನ್ನ ಇಲ್ಲಿ ಮತ್ತೆ ಬರೆದಿದ್ದೀನಿ, ನೆನಪಿದ್ದಷ್ಟು, ತಪ್ಪೂ ಸೇರಿ. ಓದಿದ ನಿಮಗೂ ಯಾರಾದ್ರೂ ಇದು ನಿನಗೆ ತಿಳಿಯೋದಲ್ಲ ಅಂತ ಅಂದಿದ್ರೆ, ಯಾವ ಹಾಡಿಗೆ, ಎಲ್ಲಿ, ನೀವು ಏನು ಮಾಡಿದ್ರಿ, ಕೆಳಗೆ ಬರೀರಿ. ಹಾಡೇ ಆಗಬೇಕು ಅಂತಿಲ್ಲ. ಉದ್ದ ಆದ್ರೂ ಓದ್ತೀನಿ. ಓದಿ ಅಕ್ಕಂಗೂ ಹೇಳ್ತೀನಿ, ಮಾವನ ಬಲಗಡೆ ನಿಂತು ಅವರಿಗೂ ಹೇಳ್ತೀನಿ. ಉತ್ತರ ಬರೋದು ತಡ ಆದ್ರೆ ಬೇಜಾರ್ ಮಾಡ್ಕಬೇಡಿ, ಬೆರಳು ಒಂದೇ.